ಸೂಜಿ ಚುಚ್ಚಿಸಿಕೊಂಡ ಮೇಲೆ



ಈ ಅಂಕಣಕ್ಕೆ ನೀವು ಕೇಳುವ ಪ್ರಶ್ನೆಗಳಲ್ಲಿ ಒಂದು ಇತ್ತೀಚೆಗೆ ಬೇರೆ ಬೇರೆ ಬಾಯಿಂದ ಮತ್ತೆ ಮತ್ತೆ ಬರುತ್ತಿದೆ. "ಅಂಕಲ್, ಅಮ್ಮನಿಗೆ ಮಂಡಿ ನೋವು. ಫಿಸಿಯೊಥೆರಪಿ ಮಾಡಿಸುವುದೋ, ಅಕ್ಯುಪಂಕ್ಚರ್ ಮಾಡಿಸುವುದೋ?" (ಮಾವ ಎಂದು ಕರೆದಿದ್ದರೆ ಇನ್ನಷ್ಟು ಸಂತೋಷವಾಗುತ್ತಿತ್ತು. ದೆಹಲಿಯಲ್ಲಿ ಹುಟ್ಟಿ ಬೆಳೆದವರಿಂದ ಅಷ್ಟನ್ನು ನಿರೀಕ್ಷಿಸುವುದು ಅತಿಯಾಸೆಯೆಂದು ಬಿಟ್ಟಿದ್ದೇನೆ.) ಈ ಪ್ರಶ್ನೆಯಲ್ಲಿ ಎರಡು ಸಲ ಬರುವ 'ಓ' ಎಂಬ ಅಕ್ಷರವೇ ಇಂದಿನ ನನ್ನ ವಿಷಯ. ಇದೋ ಅದೋ ಎಂದು ಕೇಳುವವರು ಒಂದು ಕಡೆ. ಇದೂ ಅದೂ ಸೇರಿಸಿ 'ಪ್ಯಾಕೇಜ್' ಎಂದು ಮಾರುವ ಕ್ಲಿನಿಕ್ಕುಗಳು ಇನ್ನೊಂದು ಕಡೆ. ಇಂಥ ಬೋರ್ಡುಗಳು ಗುರುಗ್ರಾಮದಿಂದ ನೊಯ್ಡಾದವರೆಗೆ ಎಲ್ಲ ಮಾರುಕಟ್ಟೆಗಳಲ್ಲೂ ಕಾಣುತ್ತವೆ. ಆದರೆ ಇವೆರಡನ್ನು ಸೇರಿಸುವುದೆಂದರೆ ಏನು, ಯಾವುದು ಮೊದಲು, ಯಾವುದು ಹೆಚ್ಚು ಎಂದು ಹೇಳುವವರು ಕಡಿಮೆ.

ನಾನು ವೈದ್ಯನಲ್ಲ. ಮೂವತ್ತು ವರ್ಷ ಸರ್ಕಾರಿ ಕಡತ ತಿರುವಿ ಭುಜ ಹಿಡಿಸಿಕೊಂಡು, ಈ ಎರಡೂ ಚಿಕಿತ್ಸೆಗಳನ್ನು ಅನುಭವಿಸಿ, ಅವುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ ಒಬ್ಬ ರೋಗಿ, ಅಷ್ಟೇ. ನಿಮ್ಮ ಮನೆಯಲ್ಲಿ ಯಾರಿಗೆ ಏನು ಬೇಕೆಂಬುದನ್ನು ಅವರನ್ನು ಮುಟ್ಟಿ ನೋಡಿದ ವೈದ್ಯರೇ ಹೇಳಬೇಕು.

ಮೊದಲು ಫಿಸಿಯೊಥೆರಪಿಯ ಮಾತು. ನಮ್ಮಲ್ಲಿ ಅನೇಕರಿಗೆ ಫಿಸಿಯೊಥೆರಪಿ ಎಂದರೆ ಮಂಚದ ಮೇಲೆ ಮಲಗುವುದು, ಮಂಡಿಗೆ ಒಂದು ಯಂತ್ರದ ತಂತಿ ಅಂಟಿಸುವುದು, ಹದಿನೈದು ನಿಮಿಷ ಬೆಚ್ಚಗಾಗುವುದು, ಎದ್ದು ಬರುವುದು. ಯಂತ್ರ ದೊಡ್ಡದಾದಷ್ಟೂ ಚಿಕಿತ್ಸೆ ದೊಡ್ಡದೆಂಬ ಭಾವನೆ! ನಿಜವಾಗಿ ಆ ಯಂತ್ರ ಊಟದ ಎಲೆಯಲ್ಲಿನ ಉಪ್ಪಿನಕಾಯಿ. ಊಟವೆಂದರೆ ಕಸರತ್ತು. ಮಂಡಿಯನ್ನೇ ತೆಗೆದುಕೊಳ್ಳಿ. ವಯಸ್ಸಾದಂತೆ ಕೀಲು ಸವೆಯುತ್ತದೆ, ನೋವು ಬರುತ್ತದೆ. ನೋವೆಂದು ಅಮ್ಮ ನಡೆಯುವುದನ್ನು ಕಡಿಮೆ ಮಾಡುತ್ತಾರೆ. ನಡೆಯದಿದ್ದರೆ ತೊಡೆಯ ಮುಂಭಾಗದ ದೊಡ್ಡ ಸ್ನಾಯು ಸೊರಗುತ್ತದೆ. ಆ ಸ್ನಾಯು ಹೊರಬೇಕಾಗಿದ್ದ ಭಾರವೆಲ್ಲ ಸವೆದ ಕೀಲಿನ ಮೇಲೆಯೇ ಬೀಳುತ್ತದೆ. ನೋವು ಇನ್ನೂ ಹೆಚ್ಚುತ್ತದೆ, ನಡಿಗೆ ಇನ್ನೂ ಕಡಿಮೆಯಾಗುತ್ತದೆ. ಈ ಗಾಣದಿಂದ ಹೊರಬರುವ ದಾರಿ ಆ ಸ್ನಾಯುವಿಗೆ ಮತ್ತೆ ಕಸುವು ತುಂಬುವುದು. ಅದನ್ನು ಯಾವ ಯಂತ್ರವೂ ಅಮ್ಮನ ಬದಲಿಗೆ ಮಾಡಲಾರದು.

ಕ್ರಿಕೆಟ್ ಪ್ರಿಯರಿಗೆ ಒಂದು ಉದಾಹರಣೆ. 1999ರ ಫೆಬ್ರುವರಿ 7ರಂದು ನಮ್ಮ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಅನಿಲ್ ಕುಂಬ್ಳೆ 74 ರನ್ನಿಗೆ ಪಾಕಿಸ್ತಾನದ ಹತ್ತೂ ವಿಕೆಟ್ ಉರುಳಿಸಿದ್ದು ನಿಮ್ಮ ಅಪ್ಪಂದಿರಿಗೆ ಬಾಯಿಪಾಠ. ಇಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯನ್ನು ಅವರು ಹೇಳುವುದು ಕಡಿಮೆ. ಅದಾಗಿ ಎರಡು ವರ್ಷದೊಳಗೆ ಕುಂಬ್ಳೆಯವರ ಬೌಲಿಂಗ್ ಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು. 2001ರ ಆಸ್ಟ್ರೇಲಿಯಾ ಸರಣಿಯಲ್ಲಿ, ಈಡನ್ ಗಾರ್ಡನ್ಸಿನಲ್ಲಿ ಲಕ್ಷ್ಮಣ್ ಮತ್ತು ದ್ರಾವಿಡ್ ಇಡೀ ದಿನ ಆಡಿದ ಆ ಪಂದ್ಯದಲ್ಲಿ, ಕುಂಬ್ಳೆ ಇರಲಿಲ್ಲ. ಅವರ ಒಟ್ಟು 619 ಟೆಸ್ಟ್ ವಿಕೆಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಶಸ್ತ್ರಚಿಕಿತ್ಸೆಯ ನಂತರ ಬಂದವು. ಶಸ್ತ್ರವೈದ್ಯರು ಹರಿದದ್ದನ್ನು ಹೊಲಿದು ಕೊಡಬಲ್ಲರು. ಹೊಲಿದ ಭುಜದಿಂದ ಮತ್ತೆ ಚೆಂಡೆಸೆಯುವಂತಾಗುವುದು ತಿಂಗಳುಗಟ್ಟಲೆಯ, ನೋಡುವವರಿಗೆ ಬೇಸರ ಹುಟ್ಟಿಸುವಂಥ, ಎಣಿಸಿ ಎಣಿಸಿ ಮಾಡುವ ಕಸರತ್ತಿನಿಂದ. ಟಿ.ವಿ.ಯಲ್ಲಿ ಅದನ್ನು ಯಾರೂ ತೋರಿಸುವುದಿಲ್ಲ.

ಇದಕ್ಕಿಂತ ದೊಡ್ಡ ಉದಾಹರಣೆಯೂ ನಮ್ಮ ಊರಿನಲ್ಲೇ ಇದೆ. ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ 1965ರ ಮೇ 29ರಂದು ಎವರೆಸ್ಟ್ ಶಿಖರ ಏರಿದವರು. ಅದೇ ವರ್ಷದ ಯುದ್ಧದಲ್ಲಿ ಗುಂಡು ತಗುಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಗೆ ಬಂದರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಪುನಶ್ಚೇತನ ಪಡೆದು ಬಂದು, ಅಂಥದೊಂದು ಸಂಸ್ಥೆ ಭಾರತದಲ್ಲೂ ಬೇಕೆಂದು ವಸಂತ ಕುಂಜಿನಲ್ಲಿ ಇಂಡಿಯನ್ ಸ್ಪೈನಲ್ ಇಂಜ್ಯುರೀಸ್ ಸೆಂಟರ್ ಕಟ್ಟಿದರು. 2022ರಲ್ಲಿ ತೀರಿಕೊಂಡರು. ರಾವ್ ತುಲಾರಾಮ್ ಮಾರ್ಗದ ನಮ್ಮ ಕರ್ನಾಟಕ ಸಂಘದ ಕಟ್ಟಡದಿಂದ ಆ ಆಸ್ಪತ್ರೆ ದೂರವೇನಲ್ಲ.

ಇನ್ನು ಸೂಜಿಯ ಕಥೆ. ಅಕ್ಯುಪಂಕ್ಚರ್ ಚೀನಾದ್ದೆಂದು ಎಲ್ಲರಿಗೂ ಗೊತ್ತು. ಅದು ಭಾರತಕ್ಕೆ ಬಂದ ದಾರಿ ಗೊತ್ತಿರುವವರು ಕಡಿಮೆ. 1938ರಲ್ಲಿ, ಜಪಾನಿನೊಡನೆ ಯುದ್ಧದಲ್ಲಿದ್ದ ಚೀನಾಕ್ಕೆ ನಮ್ಮ ಕಾಂಗ್ರೆಸ್ ಐವರು ವೈದ್ಯರ ತಂಡವನ್ನು ಕಳುಹಿಸಿತು. ಅವರಲ್ಲೊಬ್ಬರು ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್. ಸೊಲ್ಲಾಪುರವೆಂದರೆ ಮರಾಠಿಯ ಜೊತೆಗೆ ಕನ್ನಡವೂ ಕಿವಿಗೆ ಬೀಳುವ ನಮ್ಮ ಗಡಿಯ ಊರು. ಕೋಟ್ನಿಸರು ಗಾಯಾಳು ಸೈನಿಕರ ಸೇವೆ ಮಾಡುತ್ತ 1942ರ ಡಿಸೆಂಬರಿನಲ್ಲಿ, ಕೇವಲ 32ರ ವಯಸ್ಸಿನಲ್ಲಿ, ಚೀನಾದಲ್ಲೇ ತೀರಿಕೊಂಡರು. ವಿ. ಶಾಂತಾರಾಮ್ 1946ರಲ್ಲಿ ಅವರ ಬಗ್ಗೆ ಸಿನಿಮಾ ತೆಗೆದರು. ಅದೇ ತಂಡದ ಇನ್ನೊಬ್ಬರು ಕಲ್ಕತ್ತೆಯ ಡಾ. ಬಿಜಯ ಕುಮಾರ ಬಸು. ಇವರು ಐವತ್ತರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ, ಸೂಜಿ ಚಿಕಿತ್ಸೆ ಕಲಿತು, 1959ರಿಂದ ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು. ಮುಂದೆ ಕೋಟ್ನಿಸರ ಹೆಸರಿನಲ್ಲಿ ಅಕ್ಯುಪಂಕ್ಚರ್ ಕೇಂದ್ರಗಳು ಹುಟ್ಟಿಕೊಂಡವು. ಕೋಟ್ನಿಸರು ಮಾತ್ರ ಶಸ್ತ್ರವೈದ್ಯರು. ಸೂಜಿ ತಂದವರು ಅವರ ಗೆಳೆಯ. ಸ್ನೇಹಕ್ಕೆ ಹೀಗೂ ಒಂದು ಸ್ಮಾರಕ! ಪಶ್ಚಿಮ ಬಂಗಾಳ ಈ ಪದ್ಧತಿಗೆ 1996ರಲ್ಲಿಯೇ ಕಾಯಿದೆ ಮಾಡಿದ್ದರ ಹಿಂದೆ ಇಷ್ಟು ಇತಿಹಾಸವಿದೆ.

ಪಶ್ಚಿಮದ ಜನಕ್ಕೆ ಇದು ಮನೆಮಾತಾದದ್ದು 1971ರಲ್ಲಿ. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಜೇಮ್ಸ್ ರೆಸ್ಟನ್ ಬೀಜಿಂಗಿನಲ್ಲಿದ್ದಾಗ ಅವರ ಅಪೆಂಡಿಕ್ಸ್ ತೆಗೆಯಬೇಕಾಯಿತು. ಅರಿವಳಿಕೆಯಿಲ್ಲದೆ, ಬರೀ ಸೂಜಿ ಚುಚ್ಚಿ ಅವರ ಹೊಟ್ಟೆ ಕೊಯ್ದರೆಂದು ಇಂದಿಗೂ ಹೇಳುವವರಿದ್ದಾರೆ. ಅದು ಸುಳ್ಳು. ಶಸ್ತ್ರಚಿಕಿತ್ಸೆ ಮಾಮೂಲಿ ಅರಿವಳಿಕೆಯಲ್ಲೇ ಆಯಿತು. ಆಮೇಲೆ ಬಂದ ಹೊಟ್ಟೆಯ ಬಾಧೆಗೆ ಸೂಜಿ ಚುಚ್ಚಿದರು ಎಂದು ಅವರೇ ಬರೆದಿದ್ದಾರೆ. ಸೂಜಿಯ ಬಗ್ಗೆ ಕೇಳಿಬರುವ ಪವಾಡದ ಕಥೆಗಳಲ್ಲಿ ಬಹುಪಾಲು ಹೀಗೆಯೇ ಬಾಯಿಂದ ಬಾಯಿಗೆ ದಾಟುವಾಗ ಊದಿಕೊಂಡಂಥವು.

ಹಾಗಾದರೆ ಸೂಜಿ ಏನು ಮಾಡುತ್ತದೆ? ಚೀನೀ ಶಾಸ್ತ್ರದ ಪ್ರಕಾರ ದೇಹದಲ್ಲಿ 'ಚಿ' ಎಂಬ ಶಕ್ತಿ ಕೆಲವು ನಾಳಗಳಲ್ಲಿ ಹರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಪಟ್ಟಿಯಲ್ಲಿ ಅವುಗಳ ಮೇಲಿನ ಬಿಂದುಗಳು 361. ಈ ನಾಳಗಳನ್ನು ದೇಹ ಕೊಯ್ದು ಯಾರೂ ಕಂಡಿಲ್ಲ. ವಿಜ್ಞಾನಿಗಳು ಹೇಳುವುದು ಬೇರೆ. ಕೂದಲೆಳೆಗಿಂತ ಸ್ವಲ್ಪವೇ ದಪ್ಪನೆಯ ಸೂಜಿ ಸ್ನಾಯುವಿಗೆ ಇಳಿದಾಗ ಅಲ್ಲಿನ ನರಗಳು ಕೆರಳುತ್ತವೆ. ಬೆನ್ನುಹುರಿಯಲ್ಲಿ ನೋವಿನ ಸುದ್ದಿ ಮೇಲೆ ಹೋಗುವ ಬಾಗಿಲು ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಮಿದುಳು ತನ್ನದೇ ನೋವುಶಾಮಕಗಳಾದ ಎಂಡಾರ್ಫಿನ್‌ಗಳನ್ನು ಬಿಡುತ್ತದೆ. ಎಪ್ಪತ್ತರ ದಶಕದ ಪ್ರಯೋಗಗಳಲ್ಲಿ ಎಂಡಾರ್ಫಿನ್ನಿನ ಕೆಲಸ ತಡೆಯುವ ನಲೊಕ್ಸೋನ್ ಎಂಬ ಔಷಧ ಕೊಟ್ಟಾಗ ಸೂಜಿಯ ಉಪಶಮನ ಕುಗ್ಗಿದ್ದು ಕಂಡುಬಂತು. ಅಂದರೆ ಇದು ಬರೀ ಕಲ್ಪನೆಯಲ್ಲ. ಆದರೆ ಇಲ್ಲೊಂದು ಮಾತನ್ನು ಗಮನಿಸಿ: ಇದರಲ್ಲೆಲ್ಲ ನೋವಿನ ಮಾತಿದೆಯೇ ಹೊರತು ಸವೆದ ಮೂಳೆ ಬೆಳೆಯುವ ಮಾತಾಗಲಿ, ಸೊರಗಿದ ಸ್ನಾಯು ತುಂಬಿಕೊಳ್ಳುವ ಮಾತಾಗಲಿ ಇಲ್ಲ.

ಪರೀಕ್ಷೆಗಳು ಏನು ಹೇಳುತ್ತವೆ? ಬೇಸರಿಸಬೇಡಿ, ಎರಡನ್ನು ಮಾತ್ರ ಹೇಳುತ್ತೇನೆ. 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಹಳೆಯ ಬೆನ್ನುನೋವಿನ 1,162 ರೋಗಿಗಳಿದ್ದರು. ಆರು ತಿಂಗಳ ನಂತರ ಶಾಸ್ತ್ರೋಕ್ತ ಸೂಜಿ ಹಾಕಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 48 ಜನ ಸುಧಾರಿಸಿದ್ದರು. ಔಷಧ, ಕಸರತ್ತು ಮುಂತಾದ ರೂಢಿಯ ಚಿಕಿತ್ಸೆ ಪಡೆದವರಲ್ಲಿ 27. ಸೂಜಿಗೇ ಗೆಲುವು ಎನ್ನುತ್ತೀರಾ? ತಡೆಯಿರಿ. ಮೂರನೆಯ ಗುಂಪಿಗೆ ಬಿಂದುಗಳನ್ನು ಬಿಟ್ಟು ಬೇರೆಲ್ಲೋ, ಆಳಕ್ಕೂ ಇಳಿಸದೆ, ಹುಸಿಯಾಗಿ ಚುಚ್ಚಿದ್ದರು. ಅವರಲ್ಲೂ 44 ಜನ ಸುಧಾರಿಸಿದ್ದರು! ಸೂಜಿ ಎಲ್ಲಿ ಚುಚ್ಚಿದರೆಂಬುದಕ್ಕಿಂತ ಚುಚ್ಚಿದರೆಂಬುದೇ, ಅರ್ಧ ಗಂಟೆ ಒಬ್ಬರು ಹತ್ತಿರ ಕುಳಿತು ಗಮನ ಕೊಟ್ಟರೆಂಬುದೇ ಹೆಚ್ಚು ಕೆಲಸ ಮಾಡಿರಬೇಕು. ಇದಕ್ಕೆ ನಗುವವರು ನಗಲಿ. ವರ್ಷಗಟ್ಟಲೆ ನೋವುಂಡವರಿಗೆ ಆ 48ರಲ್ಲಿ ತಾವೊಬ್ಬರಾದರೆ ಸಾಕು.

ಎರಡನೆಯದು ನಮ್ಮ ಪ್ರಶ್ನೆಗೇ ನೇರವಾದ ಉತ್ತರ. ಅದೇ ವರ್ಷ ಇಂಗ್ಲೆಂಡಿನ 37 ಫಿಸಿಯೊಥೆರಪಿ ಕೇಂದ್ರಗಳಲ್ಲಿ, ಮಂಡಿ ಸವೆತವಿದ್ದ, ಐವತ್ತು ದಾಟಿದ 352 ಮಂದಿಯ ಮೇಲೆ ನಡೆದ ಪರೀಕ್ಷೆ ಅದು. ಎಲ್ಲರಿಗೂ ಸಲಹೆ ಮತ್ತು ಕಸರತ್ತು. ಕೆಲವರಿಗೆ ಅದರ ಜೊತೆ ನಿಜವಾದ ಸೂಜಿ, ಇನ್ನು ಕೆಲವರಿಗೆ ಚರ್ಮದೊಳಗೆ ಹೋಗದ ಹುಸಿ ಸೂಜಿ. ಆರು ತಿಂಗಳ ಕೊನೆಗೆ ನೋಡಿದರೆ, ಕಸರತ್ತಿನ ಮೇಲೆ ಸೂಜಿ ಸೇರಿಸಿದ್ದರಿಂದ ಮಂಡಿಯ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಹೆಚ್ಚುವರಿ ಲಾಭ ಕಾಣಲಿಲ್ಲ. ಮೊದಲ ಕೆಲವು ವಾರಗಳಲ್ಲಿ ಮಾತ್ರ ನೋವಿನ ತೀವ್ರತೆ ಒಂದಿಷ್ಟು ತಗ್ಗಿತ್ತು.

ತಜ್ಞರಲ್ಲೂ ಒಮ್ಮತವಿಲ್ಲ. ಬ್ರಿಟನ್ನಿನ 'ನೈಸ್' ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಅಕ್ಯುಪಂಕ್ಚರ್ ಬೇಡವೆಂದಿತು. ಮರುವರ್ಷ ಅಮೆರಿಕದ ವೈದ್ಯರ ಕಾಲೇಜು ಅದೇ ಸೊಂಟನೋವಿಗೆ ಬೇಕಾದರೆ ಮಾಡಿಸಿ ಎಂದಿತು. 2021ರಲ್ಲಿ ಅದೇ 'ನೈಸ್', ಕಾರಣ ಸಿಗದ ದೀರ್ಘಕಾಲದ ನೋವಿಗೆ ಯೋಚಿಸಬಹುದು ಎಂದಿತು. ಅತ್ತೆ ಹೇಳಿದ್ದಕ್ಕೂ ಸೊಸೆ ಹೇಳಿದ್ದಕ್ಕೂ ತಲೆಯಾಡಿಸುವ ಸ್ಥಿತಿ ನಮ್ಮದು.

ನಾನು ಇದರಿಂದ ಮಾಡಿಕೊಂಡ ತೀರ್ಮಾನ ಇಷ್ಟು. ಸೂಜಿಯ ಲಾಭ ಆರಂಭದ ಕೆಲವು ವಾರಗಳ ಬಿಡುವು. ನೋವಿಗೆ ಹೆದರಿ ಕೈ ಎತ್ತದವರು ಆ ಬಿಡುವಿನಲ್ಲಿ ಕೈ ಎತ್ತಬಹುದು. ರಾತ್ರಿ ನಿದ್ದೆಯಿಲ್ಲದವರು ನಿದ್ದೆ ಮಾಡಿ ಮರುದಿನ ಕಸರತ್ತಿಗೆ ಏಳಬಹುದು. ಆ ಬಿಡುವನ್ನು ಬಳಸಿಕೊಂಡರೆ ಸೂಜಿಗೆ ಕೊಟ್ಟ ಹಣ ಸಾರ್ಥಕ. ನೋವು ಕಡಿಮೆಯಾಯಿತೆಂದು ಸೋಫಾದ ಮೇಲೆ ಕುಳಿತರೆ ಮೂರು ತಿಂಗಳಿಗೆ ಮತ್ತೆ ಅದೇ ಸೂಜಿ, ಅದೇ ಬಿಲ್ಲು.

ನನ್ನ ಭುಜದ ವಿಷಯದಲ್ಲಿ ಹಾಗೆಯೇ ನಡೆಯಿತು. 'ಫ್ರೋಜನ್ ಶೋಲ್ಡರ್' ಎನ್ನುತ್ತಾರೆ, ಭುಜದ ಕೀಲು ಬಿಗಿದುಕೊಳ್ಳುವ ಬೇನೆ. ನಲವತ್ತರಿಂದ ಅರವತ್ತರ ನಡುವಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ತಾನಾಗಿಯೇ ಬಂದು, ವರ್ಷ ಎರಡು ವರ್ಷ ಇದ್ದು, ನಿಧಾನಕ್ಕೆ ಬಿಡುವ ಅತಿಥಿ. ಅಂಗಿ ಹಾಕಿಕೊಳ್ಳುವುದಕ್ಕೂ ಹೆಂಡತಿಯ ಸಹಾಯ ಬೇಕಾಗಿತ್ತು. ಮೂಳೆ ವೈದ್ಯರು ನೋಡಿದ ಮೇಲೆ, ಅವರ ಒಪ್ಪಿಗೆಯಿಂದ, ವಾರಕ್ಕೆರಡು ದಿನ ಸೂಜಿ. ಸೂಜಿ ತೆಗೆದ ಅರ್ಧ ಗಂಟೆಯೊಳಗೆ ಪಕ್ಕದ ಕೋಣೆಯಲ್ಲಿ ಫಿಸಿಯೊಥೆರಪಿಸ್ಟ್ ಕಾಯುತ್ತಿದ್ದರು. ಮೇಜಿಗೆ ಒಂದು ಕೈ ಊರಿ ಬಗ್ಗಿ, ಇನ್ನೊಂದು ಕೈಯನ್ನು ಗಡಿಯಾರದ ಲೋಲಕದಂತೆ ತೂಗಬೇಕು. ಗೋಡೆಯ ಮೇಲೆ ಬೆರಳುಗಳನ್ನು ಜೇಡನಂತೆ ಹತ್ತಿಸಬೇಕು. ನಿನ್ನೆ ಎಲ್ಲಿಗೆ ಮುಟ್ಟಿತ್ತೋ ಅಲ್ಲಿ ಪೆನ್ಸಿಲ್ಲಿನ ಗೆರೆ. ನಮ್ಮ ಮನೆಯ ಗೋಡೆ ನೋಡಿದವರು ಮೊಮ್ಮಕ್ಕಳ ಎತ್ತರ ಗುರುತು ಮಾಡಿದ್ದೇವೆಂದು ತಿಳಿಯುತ್ತಿದ್ದರು. ಐದು ವಾರದಲ್ಲಿ ಸೂಜಿ ನಿಂತಿತು. ಗೆರೆಗಳು ಮಾತ್ರ ಹತ್ತು ತಿಂಗಳು ಏರಿದವು.

ಇನ್ನು ನಿಮ್ಮ ಪಾಲಿನ ಕೆಲಸಕ್ಕೆ ಬರುತ್ತೇನೆ. ಇದನ್ನು ಯಾವ ಕ್ಲಿನಿಕ್ಕಿನ ಬೋರ್ಡಿನಲ್ಲೂ ಬರೆದಿರುವುದಿಲ್ಲ.

ನಮ್ಮ ಸಂಘದ ಒಂದು ಕುಟುಂಬ, ದ್ವಾರಕಾದಲ್ಲಿದೆ. ಚಳಿಗಾಲಕ್ಕೆ ಸರಿಯಾಗಿ ಧಾರವಾಡದಿಂದ ಅಜ್ಜಿ ಬಂದರು (ಹಿರಿಯರು ದೆಹಲಿಗೆ ಡಿಸೆಂಬರಿನಲ್ಲೇ ಏಕೆ ಬರುತ್ತಾರೋ ನನಗೆ ಇಂದಿಗೂ ತಿಳಿದಿಲ್ಲ). ಬಲಗೈ ನೋವು. ಮಗ ಸೊಸೆ ಇಬ್ಬರೂ ಕಚೇರಿಯಲ್ಲಿ. ಕಾಲೇಜಿನಲ್ಲಿ ಓದುವ ಮೊಮ್ಮಗ ಅಜ್ಜಿಯನ್ನು ಕರೆದುಕೊಂಡು ಹತ್ತಿರದ ಒಂದು ಕಡೆಗೆ ಹೋದ. ಅಜ್ಜಿ ಹೇಳಿದ್ದು ಇದು: "ಕುತ್ತಿಗಿ ಹೊಳ್ಳಿಸಿದ್ರ ಹೆಡಕಿನಿಂದ ಬೆರಳ ತನಕ ಚಳಕ್ ಹೊಡೀತದಪಾ. ರಾತ್ರಿ ಹೆಬ್ಬೆರಳು ಜೋಮ್ ಹಿಡೀತದ. ಮೊನ್ನೆಯಿಂದ ಕೈಯಾಗ ಕಸುವಿಲ್ಲ, ಚಾದ ಕಪ್ಪು ಕೈಬಿಟ್ಟಿತು." ಮೊಮ್ಮಗ ಹೇಳಿದ್ದು ಇದು: "ದಾದಿ ಕೋ ಹಾಥ್ ಮೇ ದರ್ದ್ ಹೈ." ಕೈಸಾ ದರ್ದ್? "ಬಹುತ್ ದರ್ದ್."

ಹುಡುಗನನ್ನು ನಾನು ದೂರುವುದಿಲ್ಲ. ಚಳಕಿಗೆ ಹಿಂದಿ ಪದ ಅವನಿಗೆ ಗೊತ್ತಿಲ್ಲ. ಚಳಕೇ ಅವನಿಗೆ ಗೊತ್ತಿಲ್ಲ. ಪರಿಣಾಮ, ಅಲ್ಲಿ ಭುಜಕ್ಕೆ ಹತ್ತು ದಿನ ಸೂಜಿ ಹಾಕಿದರು, ಭುಜಕ್ಕೇ ಶಾಖ ಕೊಟ್ಟರು. ಏನೂ ಆಗಲಿಲ್ಲ. ಬೇರೊಂದು ಕಡೆಯ ಫಿಸಿಯೊಥೆರಪಿಸ್ಟ್, ವಯಸ್ಸಾದ ಮಹಿಳೆ, ಮಾತು ನಂಬದೆ ಅಜ್ಜಿಯ ಕೈ ಹಿಡಿದು ಒಂದೊಂದೇ ಬೆರಳು ಮುಟ್ಟಿ, ಕುತ್ತಿಗೆ ತಿರುಗಿಸಿ ನೋಡಿದರು. ತೊಂದರೆ ಭುಜದಲ್ಲಿ ಇರಲೇ ಇಲ್ಲ, ಕುತ್ತಿಗೆಯ ನರದಲ್ಲಿತ್ತು. ಕೂಡಲೇ ಚಿಕಿತ್ಸೆ ನಿಲ್ಲಿಸಿ ನರರೋಗ ವೈದ್ಯರಲ್ಲಿಗೆ ಕಳುಹಿಸಿದರು. ಕೈಯ ಕಸುವು ಕುಂದಿದ್ದು ಹತ್ತು ದಿನ ಕಾಯುವ ವಿಷಯವಾಗಿರಲಿಲ್ಲ. ಅಜ್ಜಿಗೆ ಆಮೇಲೆ ಕುತ್ತಿಗೆಯ ಕಸರತ್ತು, ಎತ್ತರದ ದಿಂಬಿನ ತ್ಯಾಗ, ನಡುವೆ ನಿದ್ದೆ ಬರಲೆಂದು ಕೆಲವು ದಿನ ಸೂಜಿ. ಚಾ ಕಪ್ಪು ಈಗ ಕೈಯಲ್ಲಿ ನಿಲ್ಲುತ್ತದೆ. ಹೆಬ್ಬೆರಳಿನ ಜೋಮು ಪೂರ್ತಿ ಹೋಗಿಲ್ಲ.

ಆದುದರಿಂದ ನಿಮ್ಮಲ್ಲಿ ನನ್ನ ಬೇಡಿಕೆ. ನೋವಿನ ಕನ್ನಡವನ್ನು ಸ್ವಲ್ಪ ಕಲಿಯಿರಿ. 'ಚಳಕು' ಎಂದರೆ ಮಿಂಚಿನಂತೆ ಹೊಡೆದು ಹೋಗುವ ನೋವು, ಬಹಳ ಸಲ ನರದ್ದು. 'ಜೋಮು' ಎಂದರೆ ಇರುವೆ ಹರಿದಂತಾಗುವುದು. 'ಮರಗಟ್ಟುವುದು' ಅದರ ಮುಂದಿನ ಹೆಜ್ಜೆ, ಮುಟ್ಟಿದರೂ ತಿಳಿಯದು. 'ಸೆಳೆತ' ಸ್ನಾಯು ಎಳೆದಂತೆ. 'ಹಿಡಿದುಕೊಂಡಿದೆ' ಎಂದರೆ ಅಲುಗಾಡಿಸಲು ಹೋದರೆ ಮಾತ್ರ ನೋವು. 'ಉಳುಕು' ಎಂದರೆ ಹೆಜ್ಜೆ ತಪ್ಪಿ ಹೊರಳಿದ್ದು. 'ಸಿಡಿತ' ಹೃದಯ ಬಡಿತದ ಲಯದಲ್ಲಿ ಬರುವುದು. 'ಸ್ವಾಧೀನ ಇಲ್ಲ' ಎಂದು ಅಜ್ಜಿ ಹೇಳಿದರೆ ಅದು ನೋವೇ ಅಲ್ಲ, ಅಂಗ ಮಾತು ಕೇಳುತ್ತಿಲ್ಲ ಎಂದು. ಆ ಮಾತು ಕೇಳಿದ ಕೂಡಲೇ ಆಸ್ಪತ್ರೆಗೆ ಓಡಬೇಕು. 'ಎದೆಯಲ್ಲಿ ಸಂಕಟ' ಎಂದರೂ ಅಷ್ಟೇ. ಎಡಗೈ ನೋವಿನ ಜೊತೆ ಆ ಪದ ಬಂದರೆ ಸೂಜಿಯವರ ಬಾಗಿಲು ಹತ್ತಲೇಬೇಡಿ. ಇಷ್ಟು ಪದಗಳಿಗೆ ಹಿಂದಿ ಸಿಗದಿದ್ದರೆ ಕೈಸನ್ನೆಯಲ್ಲಾದರೂ ತೋರಿಸಿ, ಆದರೆ ಎಲ್ಲವನ್ನೂ 'ದರ್ದ್' ಎಂಬ ಒಂದೇ ಚೀಲದಲ್ಲಿ ತುಂಬಬೇಡಿ. ಸ್ವಾರಸ್ಯವೆಂದರೆ, ಸೂಜಿ ಸರಿಯಾದ ಜಾಗಕ್ಕೆ ಇಳಿದಾಗ ಆಗುವ ಅನುಭವಕ್ಕೆ ಚೀನೀಯರು 'ದ ಚಿ' ಎನ್ನುತ್ತಾರೆ. ಭಾರ, ಜೋಮು, ಒಳಗೊಳಗೇ ಎಳೆದಂತೆ ಎಂದು ಅದರ ವರ್ಣನೆ. ನಮ್ಮ ಅಜ್ಜಿಯರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ, ಪದ ಸಿದ್ಧವಾಗಿದೆ.

ಯಾರ ಬಳಿಗೆ ಹೋಗಬೇಕು? ಮೊದಲು ಕಾಯಿಲೆ ಏನೆಂದು ಹೇಳಬಲ್ಲ ವೈದ್ಯರ ಬಳಿಗೆ. ಸಫ್ದರ್‌ಜಂಗ್ ಮತ್ತು ಏಮ್ಸ್ ಎರಡರಲ್ಲೂ ಪುನಶ್ಚೇತನ ವೈದ್ಯಕೀಯದ ವಿಭಾಗಗಳಿವೆ. ಆಟದಲ್ಲಿ ಪೆಟ್ಟು ಮಾಡಿಕೊಂಡವರಿಗೆ ಸಫ್ದರ್‌ಜಂಗ್‌ನಲ್ಲೇ ಕ್ರೀಡಾಗಾಯ ಕೇಂದ್ರವಿದೆ, 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ವರ್ಷ ಆರಂಭವಾದದ್ದು. ಐ.ಟಿ.ಓ. ಹತ್ತಿರ ವಿಷ್ಣು ದಿಗಂಬರ ಮಾರ್ಗದಲ್ಲಿರುವ ದೀನದಯಾಳ ಉಪಾಧ್ಯಾಯ ಸಂಸ್ಥೆ ಫಿಸಿಯೊಥೆರಪಿಯನ್ನು ಕಲಿಸುವ ಜಾಗವೂ ಹೌದು, ರೋಗಿಗಳನ್ನು ನೋಡುವ ಜಾಗವೂ ಹೌದು. ಸಾಲು ಉದ್ದ, ಶುಲ್ಕ ಅಲ್ಪ.

ಫಿಸಿಯೊಥೆರಪಿಸ್ಟರ ನೋಂದಣಿಗೆ ದೆಹಲಿಯಲ್ಲಿ 1997ರಲ್ಲೇ ಕಾಯಿದೆ ಬಂತು. 2021ರಲ್ಲಿ ಇಡೀ ದೇಶಕ್ಕೆ ಕೇಂದ್ರದ ಕಾಯಿದೆಯಾಯಿತು. ಅಕ್ಯುಪಂಕ್ಚರನ್ನು ಕೇಂದ್ರ ಆರೋಗ್ಯ ಸಚಿವಾಲಯ ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮನ್ನಿಸಿದ್ದು 2019ರಲ್ಲಿ. ಸರ್ಕಾರ ಒಪ್ಪಿದೆ ಎಂದ ಮಾತ್ರಕ್ಕೆ ಸೂಜಿ ಹಿಡಿದವರೆಲ್ಲ ಕಲಿತವರೆಂದಲ್ಲ. ಎಲ್ಲಿ ಕಲಿತಿರಿ, ಎಷ್ಟು ವರ್ಷ ಕಲಿತಿರಿ ಎಂದು ಕೇಳಿ, ಕೇಳುವುದು ಅವಮಾನವಲ್ಲ. ಕೆಲವು ಫಿಸಿಯೊಥೆರಪಿಸ್ಟರು 'ಡ್ರೈ ನೀಡ್ಲಿಂಗ್' ಎಂದು ಅದೇ ತೆರನಾದ ಸೂಜಿ ಚುಚ್ಚುತ್ತಾರೆ. ಅದಕ್ಕೂ ಚೀನೀ ನಾಳಗಳಿಗೂ ಸಂಬಂಧವಿಲ್ಲ, ಸ್ನಾಯುವಿನ ಗಂಟು ಹುಡುಕಿ ಚುಚ್ಚುವ ವಿದ್ಯೆ ಅದು. ಹೆಸರು ಬೇರೆಯೆಂದು ಎರಡಕ್ಕೂ ಬೇರೆ ಬೇರೆ ಹಣ ಕೊಟ್ಟು ಬಂದವರನ್ನು ನೋಡಿದ್ದೇನೆ.

ಸೂಜಿ ನಿಮ್ಮ ಕಣ್ಣೆದುರೇ ಹೊಸ ಪೊಟ್ಟಣದಿಂದ ಹೊರಬರಬೇಕು, ಬಳಸಿದ ಮೇಲೆ ಅಲ್ಲೇ ಎಸೆಯಬೇಕು. ಇದರಲ್ಲಿ ದಾಕ್ಷಿಣ್ಯ ಬೇಡ. ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಮೊದಲೇ ಹೇಳಬೇಕು. ಪೇಸ್‌ಮೇಕರ್ ಇದ್ದವರು ಸೂಜಿಗೆ ವಿದ್ಯುತ್ ತಂತಿ ಜೋಡಿಸುವ ಚಿಕಿತ್ಸೆಗೆ ಒಪ್ಪಬಾರದು. ಫಿಸಿಯೊಥೆರಪಿಯ ವಿದ್ಯುತ್ ಯಂತ್ರಗಳಿಗೂ ಇದೇ ಮಾತು. ಭುಜದ ಮೇಲ್ಭಾಗ, ಬೆನ್ನು, ಪಕ್ಕೆಲುಬುಗಳ ಬಳಿ ತಿಳಿಯದವರು ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತಾಗುವುದುಂಟು. ಬಹಳ ಅಪರೂಪ, ಆದರೂ ಸೂಜಿಯಾದ ಕೆಲವು ಗಂಟೆಗಳ ಮೇಲಾದರೂ ಉಸಿರು ಕಟ್ಟಿದಂತಾದರೆ ನೇರ ಆಸ್ಪತ್ರೆಗೆ. ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ಕಾಲು ಸೋತರೆ, ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಸೂಜಿಯೂ ಬೇಡ, ಕಸರತ್ತೂ ಬೇಡ, ಮೊದಲು ವೈದ್ಯರು. ಇನ್ನು ನಮ್ಮ ದೆಹಲಿಯ ಚಳಿಗಾಲದ ಒಂದು ವಿಶೇಷ ಅಪಾಯ: ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರ ಕಾಲಿಗೆ ಬಿಸಿನೀರಿನ ಚೀಲ ಇಡಬೇಡಿ. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ನೀವೂ ನೋವಿಗೆ ಹೊರತಲ್ಲ ಎಂಬುದು ನನಗೆ ಗೊತ್ತು. ಬೆಳಿಗ್ಗೆ ಮೆಟ್ರೋದಲ್ಲಿ ಒಂದು ಗಂಟೆ ಫೋನಿಗೆ ತಲೆ ಬಗ್ಗಿಸಿ, ಹಗಲೆಲ್ಲ ಲ್ಯಾಪ್‌ಟಾಪಿಗೆ ಬಗ್ಗಿಸಿ, ಸಂಜೆ ಮತ್ತೆ ಫೋನಿಗೆ ಬಗ್ಗಿಸಿದ ಕುತ್ತಿಗೆ ಇಪ್ಪತ್ತೈದಕ್ಕೇ ಅರವತ್ತರಂತೆ ಆಡುತ್ತದೆ. ನಿಮ್ಮ ವಯಸ್ಸಿಗೆ ಸೂಜಿಯ ಅಗತ್ಯ ಬಹುಪಾಲು ಬೀಳದು. ಗಂಟೆಗೊಮ್ಮೆ ಎದ್ದು ಹೆಗಲು ತಿರುಗಿಸಿದರೆ ಅರ್ಧ ಕೆಲಸ ಆದಂತೆ. ನವೆಂಬರಿನ ಹೊಗೆಯಲ್ಲಿ ಅಮ್ಮನನ್ನು ಬೆಳಗಿನ ನಡಿಗೆಗೆ ಕಳುಹಿಸಬೇಡಿ. ಅವರ ಮಂಡಿಯ ಕಸರತ್ತು ಮನೆಯೊಳಗೇ ಆಗುತ್ತದೆ. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೀಟಾಗಿ ಚಾಚಿ, ಹತ್ತು ಎಣಿಸುವವರೆಗೆ ಹಿಡಿದು, ಇಳಿಸುವುದು. ಆಮೇಲೆ ಇನ್ನೊಂದು ಕಾಲು. ಎಷ್ಟು ಸಲ ಎಂಬುದನ್ನು ಅವರ ಫಿಸಿಯೊಥೆರಪಿಸ್ಟ್ ಹೇಳುತ್ತಾರೆ. ಎಣಿಸಲು ಪಕ್ಕದಲ್ಲಿ ನೀವು ಕುಳಿತರೆ ಅವರು ಮಾಡುತ್ತಾರೆ, ಇಲ್ಲವಾದರೆ ಕುಕ್ಕರ್ ಕೂಗಿತೆಂದು ಎದ್ದು ಹೋಗುತ್ತಾರೆ. ಕನ್ನಡದಲ್ಲೇ ಎಣಿಸಿ. ಹತ್ತರವರೆಗೆ ನಿಮಗೆಲ್ಲ ಬರುತ್ತದೆಂದು ನಂಬಿದ್ದೇನೆ.

ಕೊನೆಗೆ ಒಂದು ಕೋರಿಕೆ. ನೋವ ಹೇಳುವ ಪದಗಳು ಊರಿಂದೂರಿಗೆ ಬೇರೆ. ಮೈಸೂರಿನವರ ಪದ ಕಲಬುರಗಿಗೆ ತಿಳಿಯದು, ಮಂಗಳೂರಿನವರದು ಇಬ್ಬರಿಗೂ ತಿಳಿಯದು. ನಿಮ್ಮ ಅಜ್ಜ, ಅಜ್ಜಿ, ಅಮ್ಮ ಬಳಸುವ ಪದಗಳನ್ನು, ಅವು ದೇಹದ ಯಾವ ಭಾಗಕ್ಕೆ, ಎಂಥ ನೋವಿಗೆ ಎಂಬ ವಿವರದೊಡನೆ, ಊರಿನ ಹೆಸರು ಸೇರಿಸಿ ಸಂಘದ ಕಚೇರಿಗೆ ಬರೆದು ಕಳುಹಿಸಿ. ಪಕ್ಕದಲ್ಲಿ ಹಿಂದಿ ಅರ್ಥ ಕೊಟ್ಟು ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಪ್ರಕಟಿಸೋಣ. ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋಗುವಾಗ ತೆಗೆದುಕೊಂಡು ಹೋಗಬಹುದು.